ಅಂಗಡಿ ಚೀಟಿಯಲ್ಲೇ ಇದೆ ಊಟದ ಲೆಕ್ಕ

ತಿಂಗಳ ಮೊದಲ ವಾರ ನಮ್ಮ ಮನೆಯಿಂದ ಹೋಗುವ ದಿನಸಿ ಚೀಟಿ ವರ್ಷಗಟ್ಟಲೆ ಬದಲಾಗಿರಲಿಲ್ಲ. ಮೊದಲ ಸಾಲಿನಲ್ಲಿ ಸೋನಾ ಮಸೂರಿ ಒಂದು ಮೂಟೆ, ಅಂದರೆ 25 ಕೆ.ಜಿ. ಅದರ ಕೆಳಗೆ ಗೋಧಿ ಹಿಟ್ಟು 5, ರಾಗಿ 5, ರವೆ ಅವಲಕ್ಕಿ ಸೇರಿ 2. ಆಮೇಲೆ ತೊಗರಿಬೇಳೆ 2, ಉದ್ದಿನಬೇಳೆ 1, ಹೆಸರುಬೇಳೆ ಅರ್ಧ, ಕಡಲೆಬೇಳೆ ಅರ್ಧ. ಎಣ್ಣೆ 5 ಲೀಟರ್. ಸಕ್ಕರೆ 4, ಬೆಲ್ಲ 1. ಕಡಲೆಕಾಯಿ ಬೀಜ ಅರ್ಧ ಕೆ.ಜಿ., ಅದೂ ಚಿತ್ರಾನ್ನದ ಮೇಲೆ ಉದುರಿಸಲು. ಹಾಲು ದಿನಕ್ಕೆ ಒಂದೂವರೆ ಲೀಟರ್. ಉಣ್ಣುವವರು ನಾಲ್ವರು, ಎಲ್ಲರೂ ದೊಡ್ಡವರು.

ಆಹಾರದ ಬಗ್ಗೆ ಓದುವಾಗಲೆಲ್ಲ ‘ತಟ್ಟೆಯನ್ನು ಅಳೆಯಿರಿ’ ಎಂಬ ಸಲಹೆ ಸಿಗುತ್ತದೆ. ಅನ್ನ ಎಷ್ಟು ಗ್ರಾಂ, ಪಲ್ಯ ಎಷ್ಟು ಗ್ರಾಂ ಎಂದು ತೂಗುತ್ತ ಕುಳಿತರೆ ಊಟ ತಣ್ಣಗಾಗುತ್ತದೆ, ಮನೆಯವರ ಮುಖ ಬಿಸಿಯಾಗುತ್ತದೆ. ಮೂರು ದಿನಕ್ಕೆ ಆ ಉತ್ಸಾಹ ಮುಗಿಯುತ್ತದೆ ಎಂಬುದು ನನ್ನ ಅನುಭವ. ಅದಕ್ಕಿಂತ ಸುಲಭದ ದಾರಿ ಈ ಚೀಟಿ. ಮನೆಗೆ ಬಂದದ್ದೇ ತಾನೇ ಹೊಟ್ಟೆಗೆ ಹೋಗುವುದು? ತಿಂಗಳಿಗೊಮ್ಮೆ, ಹತ್ತು ನಿಮಿಷ, ಒಂದು ಪೆನ್ನು ಸಾಕು.

ಲೆಕ್ಕಕ್ಕೆ ಇಳಿಯುವ ಮುನ್ನ ಮೂರು ಹೆಸರು. ಜಿಮ್ಮಿಗೆ ಹೋಗುವ ಹುಡುಗರು ‘ಮ್ಯಾಕ್ರೋ’ ಎನ್ನುವುದು ಇವನ್ನೇ: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು. ದಿನಕ್ಕೆ ಮಿಲಿಗ್ರಾಂಗಳಲ್ಲಿ ಬೇಕಾಗುವ ವಿಟಮಿನ್, ಖನಿಜಗಳಂತಲ್ಲದೆ ಇವು ಹತ್ತಾರು, ನೂರಾರು ಗ್ರಾಂಗಳಲ್ಲಿ ಬೇಕು, ದೇಹಕ್ಕೆ ಶಕ್ತಿ ಬರುವುದೂ ಇವುಗಳಿಂದಲೇ. ಒಂದು ಗ್ರಾಂ ಕಾರ್ಬೋಹೈಡ್ರೇಟ್ ಸುಮಾರು 4 ಕ್ಯಾಲೊರಿ, ಪ್ರೋಟೀನೂ 4, ಕೊಬ್ಬು 9. ಈ 4-4-9 ಸೂತ್ರ ಕೊಟ್ಟವರು ಅಮೆರಿಕದ ವಿಲ್ಬರ್ ಅಟ್‌ವಾಟರ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಮನುಷ್ಯರನ್ನು ದಿನಗಟ್ಟಲೆ ಒಂದು ಮುಚ್ಚಿದ ಕೋಣೆಯಲ್ಲಿರಿಸಿ, ಅವರು ಉಂಡದ್ದು, ಉಸಿರಾಡಿದ್ದು, ಮೈಯಿಂದ ಹೊರಟ ಶಾಖ ಎಲ್ಲವನ್ನೂ ಅಳೆದರು. ಇಂದು ಪ್ರತಿ ಬಿಸ್ಕತ್ತು ಪೊಟ್ಟಣದ ಹಿಂಬದಿಯಲ್ಲಿ ಮುದ್ರಿತವಾಗಿರುವ ಕ್ಯಾಲೊರಿ ಸಂಖ್ಯೆಯ ಹಿಂದೆ ಆ ಕೋಣೆಯಿದೆ.

ನಮ್ಮ ದೇಶದ ಅಳತೆಗೋಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯದು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ಕಾರಣ ಹುಡುಕಲು ರಾಬರ್ಟ್ ಮೆಕ್‌ಕ್ಯಾರಿಸನ್ ಶುರುಮಾಡಿದ ಪುಟ್ಟ ಪ್ರಯೋಗಾಲಯವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ಈ ಸಂಸ್ಥೆಯಾಯಿತು. 2024ರಲ್ಲಿ ಅದು ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ಊಟಕ್ಕೆ ಹೇಳಿರುವ ಪ್ರಮಾಣ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಎಣ್ಣೆಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಎಲ್ಲವೂ ಬೇಯಿಸುವ ಮೊದಲಿನ ತೂಕ.

ಇದನ್ನು 30 ದಿನಕ್ಕೆ, ನಾಲ್ಕು ಜನಕ್ಕೆ ಗುಣಿಸಿ. ಧಾನ್ಯ 30 ಕೆ.ಜಿ. ಬೇಳೆಕಾಳು 10 ಕೆ.ಜಿ.ಗಿಂತ ಒಂದಿಷ್ಟು ಹೆಚ್ಚು. ಎಣ್ಣೆ ಸುಮಾರು ಮೂರೂವರೆ ಲೀಟರ್. ಕಡಲೆಕಾಯಿ, ಎಳ್ಳು ಮುಂತಾದವು 4 ಕೆ.ಜಿ.

ಹತ್ತು ಕೆ.ಜಿ. ಬೇಳೆಕಾಳು! ನಮ್ಮ ಮನೆಗೆ ಬರುತ್ತಿದ್ದದ್ದು ನಾಲ್ಕು. ಅಕ್ಕಪಕ್ಕದ ಮೂರು ಮನೆಗಳಲ್ಲಿ ಕೇಳಿದೆ; ಐದರ ಮೇಲೆ ಯಾರೂ ಹೇಳಲಿಲ್ಲ.

ನಮ್ಮ ಚೀಟಿಯನ್ನು ಪೂರ್ತಿ ಬಿಡಿಸಿದಾಗ ತಲೆಗೆ ದಿನಕ್ಕೆ ಸಿಕ್ಕಿದ್ದು ಧಾನ್ಯ 308 ಗ್ರಾಂ, ಬೇಳೆ 33 ಗ್ರಾಂ, ಎಣ್ಣೆ 38 ಗ್ರಾಂ, ಸಕ್ಕರೆ ಬೆಲ್ಲ 42 ಗ್ರಾಂ. ಒಟ್ಟು ಶಕ್ತಿ 2,000 ಕ್ಯಾಲೊರಿಗೆ ಸ್ವಲ್ಪ ಮೇಲೆ. ಅದರಲ್ಲಿ ಕಾರ್ಬೋಹೈಡ್ರೇಟಿನ ಪಾಲು ಹೆಚ್ಚುಕಡಿಮೆ ಶೇ 62, ಕೊಬ್ಬು ಶೇ 27, ಪ್ರೋಟೀನ್ ಶೇ 10. ಹೋಟೆಲಿನ ಮಸಾಲೆದೋಸೆ, ಸಂಜೆಯ ಬೋಂಡ ಇದರಲ್ಲಿ ಸೇರಿಲ್ಲ. 2025ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನವೂ ಭಾರತೀಯರ ಊಟದಲ್ಲಿ ಕಾರ್ಬೋಹೈಡ್ರೇಟಿನ ಪಾಲು ಸರಾಸರಿ ಶೇ 62 ಎಂದೇ ಹೇಳಿತ್ತು. ನಮ್ಮ ಮನೆ ಇಷ್ಟು ಕರಾರುವಾಕ್ಕಾಗಿ ‘ಸರಾಸರಿ ಭಾರತ’ ಎಂದು ಗೊತ್ತಾದದ್ದು ಹೆಮ್ಮೆಯ ವಿಷಯವೇನಲ್ಲ.

ಪ್ರೋಟೀನ್: ಕೂಗಿನಷ್ಟು ಕೊರತೆಯಿಲ್ಲ, ಆದರೂ ಇದೆ

ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಎಂಬುದು 2020ರ ಐಸಿಎಂಆರ್ ಶಿಫಾರಸು. 65 ಕೆ.ಜಿ. ತೂಕದ ಗಂಡಸಿಗೆ 54 ಗ್ರಾಂ, 55 ಕೆ.ಜಿ.ಯ ಹೆಂಗಸಿಗೆ 46 ಗ್ರಾಂ. ನಮ್ಮ ಹಳೆಯ ಚೀಟಿಯಿಂದ ಬರುತ್ತಿದ್ದದ್ದು ತಲೆಗೆ ಸುಮಾರು 51 ಗ್ರಾಂ. ಪ್ರೋಟೀನ್ ಪುಡಿ ಡಬ್ಬದ ಜಾಹೀರಾತುಗಳು ಹೆದರಿಸುವಂಥ ಬರಗಾಲವೇನೂ ಅಲ್ಲ.

ಆದರೆ ಆ 51ರಲ್ಲಿ ಅರ್ಧ ಬಂದದ್ದು ಅಕ್ಕಿ, ಗೋಧಿ, ರಾಗಿಯಿಂದ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಧಾನ್ಯದ ಸರಪಳಿಯಲ್ಲಿ ಲೈಸಿನ್ ಎಂಬ ಕೊಂಡಿ ಕಡಿಮೆ. ಬೇಳೆಯಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರೆಯನ್ನು ಇನ್ನೊಂದು ತುಂಬುತ್ತದೆ. ದೋಸೆ ಹಿಟ್ಟಿಗೆ ಅಕ್ಕಿಯ ಜೊತೆ ಉದ್ದು ರುಬ್ಬಿದವರಿಗೆ, ಬಿಸಿಬೇಳೆಭಾತು ಕಂಡುಹಿಡಿದವರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ನಾಲಿಗೆ ಮತ್ತು ಹೊಟ್ಟೆ ಗೊತ್ತಿದ್ದವು. ಧಾನ್ಯವೇ ಪ್ರಧಾನವಾದ ಊಟಕ್ಕೆ ಕೆ.ಜಿ.ಗೆ 0.83ರ ಬದಲು 1 ಗ್ರಾಂ ಎಂದು ಲೆಕ್ಕ ಹಿಡಿಯುವುದು ಕ್ಷೇಮ. ಹಾಗೆ ಹಿಡಿದರೆ ನಮ್ಮ ಮನೆಯಲ್ಲಿ ಯಾರಿಗೂ ಸಾಲುತ್ತಿರಲಿಲ್ಲ.

ಇನ್ನೊಂದು ಮಾತು. ಸರಾಸರಿ ಎಂಬುದು ಕಾಗದದ ಮೇಲಿನ ಹಂಚಿಕೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ಪಾಲಿಗೆ ತಳದ ಅನ್ನ, ತಿಳಿಸಾರು ಉಳಿಯುವುದು ಇಂದಿಗೂ ಎಷ್ಟೋ ಮನೆಗಳ ಪದ್ಧತಿ. ಹೊಸ ಬೇಳೆ ತರುವ ಮೊದಲು ಬಡಿಸುವ ಕ್ರಮ ಸರಿಹೋದರೂ ಅರ್ಧ ಕೆಲಸ ಆದಂತೆ. ಗರ್ಭಿಣಿಯರಿಗಂತೂ ನಾಲ್ಕನೆಯ ತಿಂಗಳಿಂದ ದಿನಕ್ಕೆ ಸುಮಾರು 10 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಪ್ರೋಟೀನ್ ಹೆಚ್ಚಿಗೆ ಬೇಕು. ಅರವತ್ತು ದಾಟಿದವರು ‘ರಾತ್ರಿಗೆ ಎರಡು ತುತ್ತು ಅನ್ನ ಮಜ್ಜಿಗೆ ಸಾಕು’ ಎನ್ನುತ್ತಾರಲ್ಲ, ಮಾಂಸಖಂಡ ಕರಗುವ ಆ ವಯಸ್ಸಿನಲ್ಲೇ ಪ್ರೋಟೀನ್ ಕಡಿಮೆ ಮಾಡುವುದು ಸರಿಯಲ್ಲ.

ಬೇಳೆ ಸಾರಿನಲ್ಲಿ ಬೇಳೆ ಎಷ್ಟಿದೆ?

‘ದಿನಾ ಬೇಳೆ ಸಾರು ಮಾಡುತ್ತೇವಲ್ಲ’ ಎನ್ನುವುದು ಎಲ್ಲರ ಮೊದಲ ಪ್ರತಿಕ್ರಿಯೆ. ನಾಲ್ವರ ಸಾರಿಗೆ ಒಂದು ಹಿಡಿ ಬೇಳೆ ಹಾಕಿದರೆ ಒಬ್ಬೊಬ್ಬರಿಗೆ ಬರುವುದು ಹತ್ತು ಹನ್ನೆರಡು ಗ್ರಾಂ. ತೊಗರಿಬೇಳೆಯಲ್ಲಿ ಪ್ರೋಟೀನ್ ಸುಮಾರು ಶೇ 22. ಅಂದರೆ ಬಟ್ಟಲು ಸಾರಿನಿಂದ ಎರಡೂವರೆ ಗ್ರಾಂ. ರುಚಿಗೆ ತಿಳಿಸಾರಿಗೆ ಸಾಟಿಯಿಲ್ಲ, ನಾನೂ ಅದರ ಭಕ್ತ. ಅದನ್ನು ಪ್ರೋಟೀನ್ ಎಂದು ಎಣಿಸಬಾರದು, ಅಷ್ಟೇ.

ಬಸ್ಸಾರಿನ ಕತೆ ಇನ್ನೂ ಸ್ವಾರಸ್ಯದ್ದು. ಹೆಸರುಕಾಳೋ ಅಲಸಂದೆಯೋ ಸೊಪ್ಪಿನ ಜೊತೆ ಬೆಂದ ಮೇಲೆ ನೀರು ಬಸಿದು ಸಾರಿಗೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯ. ಪ್ರೋಟೀನಿನ ಬಹುಪಾಲು, ನಾರು ಪೂರ್ತಿ, ಉಳಿಯುವುದು ಪಲ್ಯದಲ್ಲಿ. ಊಟಕ್ಕೆ ಕುಳಿತಾಗ ಮುದ್ದೆಯ ಸುತ್ತ ಸಾರಿನ ಹೊಳೆ ಹರಿಯುತ್ತದೆ, ಪಲ್ಯ ಮಾತ್ರ ತಟ್ಟೆಯ ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರ. ಹುರುಳಿಕಟ್ಟಿನ ಸಾರಿನಲ್ಲಿ ಹಳ್ಳಿಗಳ ಹಳೆಯ ರೂಢಿ ಇದನ್ನೂ ಮೀರಿಸುವಂಥದ್ದು: ಬೆಂದ ಹುರುಳಿ ಎತ್ತಿಗೆ, ಬಸಿದ ಕಟ್ಟು ಮನುಷ್ಯರಿಗೆ. ಎತ್ತು ಗಟ್ಟಿಮುಟ್ಟಾಗಿದ್ದದ್ದು ಸುಮ್ಮನೆ ಅಲ್ಲ. ಹುರುಳಿಯಲ್ಲೂ ತೊಗರಿಯಷ್ಟೇ, ಶೇ 22ರ ಹತ್ತಿರ, ಪ್ರೋಟೀನ್ ಇದೆ. ಬಯಲುಸೀಮೆಯ ಒಣಭೂಮಿಯಲ್ಲಿ ಬೆಳೆಯುತ್ತದೆ, ಬೆಲೆಯೂ ಸಾಮಾನ್ಯವಾಗಿ ತೊಗರಿಗಿಂತ ಕಡಿಮೆ.

ಹಾಗಾದರೆ ಹೆಚ್ಚಿಗೆ ತಂದ ಕಾಳು ಬೇಳೆ ಯಾವುದಕ್ಕೆ? ಸಾರನ್ನು ಗಟ್ಟಿ ಮಾಡುವುದಕ್ಕಿಂತ ಕಾಳನ್ನು ಸಾರಿನಿಂದ ಹೊರತರುವುದು ನನಗೆ ಸರಿಬಂದ ಉಪಾಯ. ಕೋಸಂಬರಿ ರಾಮನವಮಿಗೆ ಕಾಯಬೇಕಿಲ್ಲ. ಹಳೇ ಮೈಸೂರಿನ ನುಚ್ಚಿನುಂಡೆ, ತೊಗರಿಬೇಳೆಯನ್ನೇ ತರಿತರಿ ರುಬ್ಬಿ ಹಬೆಯಲ್ಲಿ ಬೇಯಿಸಿದ್ದು, ಒಂದು ತಟ್ಟೆ ಬೆಳಗಿನ ತಿಂಡಿಗೆ ಸಾಕು. ಎಣ್ಣೆ ಬೇಕೆನಿಸಿದರೆ ಒಂದು ಚಮಚ ತುಪ್ಪ. ಹೆಸರುಕಾಳು ನೆನೆಸಿ ರುಬ್ಬಿದ ದೋಸೆ. ಉತ್ತರ ಕರ್ನಾಟಕದವರಿಗೆ ನಾನು ಹೇಳಿಕೊಡಬೇಕಾದದ್ದು ಕಡಿಮೆ: ಜೋಳದ ರೊಟ್ಟಿಯ ಪಕ್ಕ ಮಡಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು. ಈ ತಟ್ಟೆಯನ್ನು ಹಾಗೇ ಬಿಟ್ಟರೆ ಸಾಕಿತ್ತು. ಬೆಂಗಳೂರಿಗೆ ಬಂದವರು ಅದನ್ನು ಬಿಟ್ಟು ಪಲಾವು ಹಿಡಿದಿದ್ದಾರೆ.

ಕಾಳು ತಿಂದರೆ ವಾಯು ಎನ್ನುವವರ ಮಾತು ಸುಳ್ಳಲ್ಲ. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ಗಾಳಿಯಾಗುತ್ತವೆ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿದರೆ, ಮೊಳಕೆ ಬರಿಸಿದರೆ ಕಡಿಮೆಯಾಗುತ್ತದೆ. ನಾಲ್ಕು ಕೆ.ಜಿ.ಯಿಂದ ಹತ್ತಕ್ಕೆ ಒಂದೇ ತಿಂಗಳಲ್ಲಿ ಜಿಗಿಯಬೇಡಿ. ತಿಂಗಳಿಗೆ ಒಂದು ಕೆ.ಜಿ. ಏರಿಸಿದರೆ ಹೊಟ್ಟೆಯೂ ಹೊಂದಿಕೊಳ್ಳುತ್ತದೆ, ಅಡುಗೆಮನೆಯೂ.

ಮೊಟ್ಟೆ ತಿನ್ನುವವರಿಗೆ ದಾರಿ ಹತ್ತಿರ. ಒಂದು ಮೊಟ್ಟೆಯಲ್ಲಿ ಆರರಿಂದ ಆರೂವರೆ ಗ್ರಾಂ ಪ್ರೋಟೀನ್, ಅಂದರೆ 30 ಗ್ರಾಂ ಬೇಳೆಯಷ್ಟು, ಅದೂ ಯಾವ ಅಮೈನೋ ಆಮ್ಲದ ಕೊರತೆಯೂ ಇಲ್ಲದ್ದು. ಕರಾವಳಿಯ ಬಂಗುಡೆ, ಬೂತಾಯಿಯಂಥ ಮೀನಿನಲ್ಲಿ 100 ಗ್ರಾಂಗೆ 18ರಿಂದ 20 ಗ್ರಾಂ, ಜೊತೆಗೆ ಒಮೆಗಾ-3 ಕೊಬ್ಬು. ಪುಡಿ ಡಬ್ಬದ ವಿಷಯದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ನೇರವಾಗಿಯೇ ಹೇಳಿದೆ: ದೇಹ ಬೆಳೆಸಲು ಪ್ರೋಟೀನ್ ಪೂರಕಗಳ ಮೊರೆಹೋಗಬೇಡಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ದಶಕಗಳ ಹಿಂದೆಯೇ ಕೊಬ್ಬು ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ತಯಾರಿಸಿದ್ದರು. ನಮ್ಮ ಹುರಿಗಡಲೆ, ಕಡಲೆಕಾಯಿಗೆ ಬೇರೆ ಪ್ರಮಾಣಪತ್ರ ಬೇಕೆ?

ಮುದ್ದೆ ಎಂಬ ಮಾಯೆ

ಅಕ್ಕಿ ಬಿಟ್ಟು ರಾಗಿಗೆ ಬಂದೆವು, ಇನ್ನು ಸಕ್ಕರೆ ಕಾಯಿಲೆಯ ಭಯವಿಲ್ಲ ಎಂಬ ನಂಬಿಕೆ ಈಗ ಎಲ್ಲೆಡೆ. ರಾಗಿಯ ಗುಣಗಳು ನಿಜ: 100 ಗ್ರಾಂನಲ್ಲಿ 11 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಬೇರೆ ಯಾವ ಧಾನ್ಯವೂ ಹತ್ತಿರ ಸುಳಿಯದಷ್ಟು. ಆದರೆ ಪ್ರೋಟೀನ್ 7 ಗ್ರಾಂ ಮಾತ್ರ, ಅಕ್ಕಿಗಿಂತಲೂ ಕೂದಲೆಳೆ ಕಡಿಮೆ. ಕಾರ್ಬೋಹೈಡ್ರೇಟ್ 67 ಗ್ರಾಂ. ರಾಗಿ ಒಳ್ಳೆಯ ಧಾನ್ಯ, ಧಾನ್ಯವೇ.

ಇಂಡಿಯಾಬ್ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಇದೇ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಂದದ್ದರಿಂದಷ್ಟೇ ಮಧುಮೇಹದ ಅಪಾಯ ಇಳಿದದ್ದು ಕಾಣಲಿಲ್ಲ. ಒಟ್ಟು ಕಾರ್ಬೋಹೈಡ್ರೇಟ್ ಕಡಿಮೆಯಾಗಿ, ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನಿನ ಪ್ರೋಟೀನ್ ಬಂದ ಕಡೆ ಅಪಾಯ ಕಡಿಮೆ ಕಂಡಿತು. ಅದೂ ಒಟ್ಟು ಕ್ಯಾಲೊರಿಯ ಶೇ 5ರಷ್ಟು ಪಲ್ಲಟಕ್ಕೇ.

‘ನಮ್ಮಜ್ಜ ಹೊತ್ತಿಗೆ ಎರಡು ಮುದ್ದೆ ಉಂಡು ತೊಂಬತ್ತು ವರ್ಷ ಬಾಳಿದ’ ಎಂಬ ವಾದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಮೈಮುರಿದು ದುಡಿಯುವ ಗಂಡಸಿಗೆ ದಿನಕ್ಕೆ 3,470 ಕ್ಯಾಲೊರಿ ಬೇಕು, ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಿಗೆ 2,110. ವ್ಯತ್ಯಾಸ 1,360. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 320 ಕ್ಯಾಲೊರಿ ಎಂದಿಟ್ಟುಕೊಂಡರೆ, ಅಜ್ಜನ ನೇಗಿಲು ದಿನಕ್ಕೆ ನಾಲ್ಕು ಮುದ್ದೆ ಉಣ್ಣುತ್ತಿತ್ತು. ಮೊಮ್ಮಗನ ಲ್ಯಾಪ್‌ಟಾಪ್ ಏನೂ ಉಣ್ಣುವುದಿಲ್ಲ.

ಎಣ್ಣೆ, ಸಕ್ಕರೆ

ಕೊಬ್ಬನ್ನು ಶತ್ರು ಮಾಡಿಕೊಂಡ ಕಾಲ ಮುಗಿಯಿತು. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಬೇಕಾದರೆ ಕೊಬ್ಬು ಬೇಕೇ ಬೇಕು. ಕ್ಯಾರೆಟ್ ಕೋಸಂಬರಿಗೆ ಒಗ್ಗರಣೆ, ಕಾಯಿತುರಿ ಬೀಳುವುದು ರುಚಿಗಷ್ಟೇ ಅಲ್ಲ. ಪ್ರಮಾಣದ್ದೇ ತಕರಾರು. ಒಂದು ಟೀ ಚಮಚ ಎಣ್ಣೆ ಎಂದರೆ 40 ಕ್ಯಾಲೊರಿ. ನಾಲ್ವರಿಗೆ ತಿಂಗಳಿಗೆ ಮೂರೂವರೆ ಲೀಟರ್ ಎಂಬುದು ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿದ ಮಿತಿ. ನೂರು ಗ್ರಾಂ ಹಸಿ ಕಾಯಿತುರಿಯಲ್ಲೂ 40 ಗ್ರಾಂ ಕೊಬ್ಬಿದೆ ಎಂಬುದು ಚಟ್ನಿ, ಹುಳಿ, ಪಲ್ಯ ಮೂರಕ್ಕೂ ತೆಂಗು ತುರಿಯುವ ಮನೆಗಳಿಗೆ ನೆನಪಿರಲಿ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಎಂದು ಬದಲಿಸುತ್ತಿರಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇ 2ರ ಮಿತಿ ಬಂದಿದೆ, ಅದು ಒಳ್ಳೆಯದಾಯಿತು. ಎಣ್ಣೆಯಲ್ಲಿ ಉಳಿಸಿದ್ದನ್ನು ಬೀಜಗಳಿಗೆ ಖರ್ಚು ಮಾಡಬಹುದು. 4 ಕೆ.ಜಿ. ಎಂದೊಡನೆ ಬಾದಾಮಿಯ ಬೆಲೆ ನೆನೆದು ಗಾಬರಿಯಾಗಬೇಡಿ. ಕಡಲೆಕಾಯಿ, ಎಳ್ಳು, ಅಗಸೆ, ಹುಚ್ಚೆಳ್ಳು ಇದೇ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಮನೆಯಲ್ಲಿ ಎರಡು ಕೆ.ಜಿ.ಗೆ ಬಂದು ನಿಂತಿದ್ದೇವೆ.

ಸಕ್ಕರೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಆದರ್ಶ ಮಿತಿ ದಿನಕ್ಕೆ 25 ಗ್ರಾಂ ಸುಮಾರು. ನಾಲ್ವರಿಗೆ ತಿಂಗಳಿಗೆ 3 ಕೆ.ಜಿ. ಬೆಲ್ಲವೂ ಇದರೊಳಗೇ, ಜೇನೂ ಇದರೊಳಗೇ.

ಪೊಟ್ಟಣದ ಹಿಂಬದಿ ಓದಲು ಒಂದು ಸಣ್ಣ ಉಪಾಯ. ಪ್ರೋಟೀನ್ ಗ್ರಾಂ ಸಂಖ್ಯೆಯನ್ನು 4ರಿಂದ ಗುಣಿಸಿ, ಒಟ್ಟು ಕ್ಯಾಲೊರಿಯಿಂದ ಭಾಗಿಸಿ. ‘ಶಕ್ತಿವರ್ಧಕ’ ಪುಡಿಯೊಂದರಲ್ಲಿ 100 ಗ್ರಾಂಗೆ 380 ಕ್ಯಾಲೊರಿ, 7 ಗ್ರಾಂ ಪ್ರೋಟೀನ್ ಎಂದಿದ್ದರೆ ಪ್ರೋಟೀನಿನ ಪಾಲು ಶೇ 7. ನಮ್ಮ ಹಳೆಯ ಚೀಟಿಗಿಂತ ಕಡೆ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅದು ಮಿಠಾಯಿ ಎಂದು ತಿಳಿದುಕೊಳ್ಳಿ.

ಈಗ ನಮ್ಮ ಚೀಟಿ ಹೇಗಿದೆ? ಧಾನ್ಯ 30 ಕೆ.ಜಿ., ಅದರಲ್ಲಿ ಅಕ್ಕಿ 15. ಬೇಳೆಕಾಳು 9. ಎಣ್ಣೆ ಮೂರೂವರೆ ಲೀಟರ್, ಸಕ್ಕರೆ ಬೆಲ್ಲ 3. ತಲೆಗೆ ಪ್ರೋಟೀನ್ 51ರಿಂದ 58 ಗ್ರಾಂಗೆ ಏರಿತು, ಕ್ಯಾಲೊರಿ ನೂರೈವತ್ತರಷ್ಟು ಇಳಿಯಿತು. ಕಾರ್ಬೋಹೈಡ್ರೇಟ್ ಮಾತ್ರ ಶೇ 62ರಿಂದ 60ಕ್ಕೆ ಬಂದು ಕೂತಿದೆ. ಇಷ್ಟೆಲ್ಲ ಮಾಡಿಯೂ ಎರಡೇ ಅಂಕ! ಕಾರಣ ಸರಳ: ಬೇಳೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ ಇದೆ, ನಾರಿನ ಜೊತೆ ನಿಧಾನವಾಗಿ ಜೀರ್ಣವಾಗುವಂಥದ್ದು ಎಂಬುದೊಂದು ಸಮಾಧಾನ. ಇನ್ನೂ ಇಳಿಸಬೇಕಾದರೆ ಧಾನ್ಯವನ್ನು 30ಕ್ಕಿಂತ ಕೆಳಗೆ ತಂದು ಮೊಸರು, ಪನೀರ್, ಮೊಟ್ಟೆ ಹೆಚ್ಚಿಸಬೇಕು. ಕೂತು ಕೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 1,660 ಕ್ಯಾಲೊರಿಯೇ ಸಾಕಾಗುವುದರಿಂದ ಅವರಿಗೆ 250 ಗ್ರಾಂ ಧಾನ್ಯವೂ ಹೆಚ್ಚೇ.

ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮೊದಲು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನ ಮುದ್ದೆ ಕಡಿಮೆ ಮಾಡುವ ಮೊದಲು, ತಮ್ಮ ವೈದ್ಯರನ್ನು ಕೇಳಲೇಬೇಕು. ಬೆಳೆಯುವ ಮಕ್ಕಳ ಅಗತ್ಯ ಬೇರೆ, ಅವರನ್ನು ಈ 2,000 ಕ್ಯಾಲೊರಿಯ ಲೆಕ್ಕಕ್ಕೆ ಕೂಡಿಸಬೇಡಿ.

ಉಳಿದವರು ಕಳೆದ ತಿಂಗಳ ಅಂಗಡಿ ಬಿಲ್ಲು ಹುಡುಕಿ ತೆಗೆಯಿರಿ. ಧಾನ್ಯ, ಬೇಳೆಕಾಳು, ಎಣ್ಣೆ, ಸಕ್ಕರೆ, ನಾಲ್ಕನ್ನೂ ಕೂಡಿ ತಲೆಗೆ ಭಾಗಿಸಿ. ಮುಂದಿನ ಚೀಟಿ ಬರೆಯುವಾಗ ಬೇಳೆಕಾಳನ್ನು ಮೊದಲ ಸಾಲಿಗೆ ತನ್ನಿ, ಅಕ್ಕಿ ಕೊನೆಗಿರಲಿ.